ಸುಟ್ಟಿರದ ಗಾಯ

ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಲಗೈ ಮುಷ್ಟಿಯಲ್ಲಿ ಕರವಸ್ತ್ರದ ಗಂಟೊಂದನ್ನು ಬಿಗಿಯಾಗಿ ಹಿಡಿದಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಗೆ ಅಂಗಡಿಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಠಾಣೆಗೆ ಓಡಿ ಬಂದವಳಿಗೆ ಅದನ್ನು ತೆಗೆದಿಡುವ ಧ್ಯಾನ ಇರಲಿಲ್ಲ.

"ನನ್ನ ತಮ್ಮಂಗೆ ವಿಷ ಹಾಕ್ತಿದಾರೆ," ಎಂದಳು. "ಸಾಕ್ಷಿ ತಂದಿದೀನಿ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟಳು. ವಿಷದ ದೂರುಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಮುಕ್ಕಾಲು ಪಾಲು ಹಳಸಿದ ಊಟಕ್ಕೆ ಬಂದು ನಿಲ್ಲುತ್ತಿದ್ದವು. ಆದರೆ ವಿಷ ಹಾಕುವ ಕೆಲಸ ಇನ್ನೂ ನಡೆಯುತ್ತಿದೆ ಎಂದು ದೂರು ತಂದವಳು ಇವಳೇ ಮೊದಲು.

"ಯಾರು?"

"ನರ್ಸರಿ ಯಜಮಾನ್ರು. ತಮ್ಮ ಅವರ ಹತ್ರ ಕೆಲಸಕ್ಕಿದಾನೆ."

"ಈಗೆಲ್ಲಿದಾನೆ?"

"ದೊಡ್ಡಾಸ್ಪತ್ರೇಲಿ. ನಾಲ್ಕು ದಿನ ಆಯ್ತು. ನಿನ್ನೆ ಮಧ್ಯಾಹ್ನದಿಂದ ಎಚ್ಚರ ಇಲ್ಲ."

"ಡಾಕ್ಟ್ರು ಏನಂತಾರೆ?"

"ಜ್ವರ ಅಂತಾರೆ. ಯಾವ ಜ್ವರ ಅಂದ್ರೆ ಟೆಸ್ಟು ಬರ್ಲಿ ಅಂತಾರೆ. ಟೆಸ್ಟು ಬಂದ ಮೇಲೆ ಅದ್ರಲ್ಲೇನೂ ಇಲ್ಲ ಅಂತಾರೆ. ಏನೂ ಇಲ್ದೇ ಇದ್ರೆ ಅವನ್ಯಾಕೆ ಹಾಗೆ ಮರದ ಕೊರಡಿನ ಹಾಗೆ ಬಿದ್ದಿದಾನೆ, ಮೇಡಂ?"

ಗಂಟು ಬಿಚ್ಚಿದಳು. ಒಳಗೆ ಒಂದು ಕ್ಯಾಪ್ಸೂಲ್. ಅರ್ಧ ಕಡುಹಸಿರು, ಅರ್ಧ ತಿಳಿಹಸಿರು. ಒಂದು ತುದಿ ಎಂಜಲಿಗೆ ಮೆತ್ತಗಾಗಿ ಕರವಸ್ತ್ರಕ್ಕೆ ಅಂಟಿಕೊಂಡಿತ್ತು.

"ಬೆಳಿಗ್ಗೆ ಬಿಸಿನೀರು ತರೋಕೆ ಹೋಗಿದ್ದೆ. ವಾಪಸ್ ಬಂದ್ರೆ ಯಜಮಾನ್ರು ಅವನ ದವಡೆ ಅಗಲಿಸಿ ಇದನ್ನ ತುರುಕ್ತಿದ್ರು. ಕೈಗೆ ಹೊಡೆದೆ, ಬಿತ್ತು. ಏನಿದು ಅಂದೆ. ಏನಿಲ್ಲಮ್ಮ, ಶಕ್ತಿ ಮಾತ್ರೆ ಅಂದ್ರು. ಶಕ್ತಿ ಮಾತ್ರೆ ಕೊಡೋರು ಕಳ್ಳನ ಹಾಗೆ ಬಾಗಿಲು ನೋಡ್ಕೊಂಡು ಕೊಡ್ತಾರಾ?"

"ಅದಕ್ಕೆ ಮೊದ್ಲು ಅನುಮಾನ ಇತ್ತಾ?"

ಅಕ್ಕ ಸ್ವಲ್ಪ ಯೋಚಿಸಿದಳು. "ಅವನಿಗೆ ಎಚ್ಚರ ಇದ್ದಾಗ್ಲೂ ಡಾಕ್ಟ್ರು ಅವನನ್ನ ಕೇಳಿದ್ರೆ ಯಜಮಾನ್ರು ಉತ್ತರ ಹೇಳೋರು. ಎಲ್ಲಿ ಹೋಗಿದ್ರಿ, ಎಲ್ಲಿ ಉಳ್ಕೊಂಡಿದ್ರಿ, ಎಲ್ಲದಕ್ಕೂ ಅವರೇ. ತಮ್ಮ ಬಾಯಿ ತೆಗೀತಿದ್ದ, ಅವರ ಮುಖ ನೋಡ್ತಿದ್ದ, ಮುಚ್ಕೋತಿದ್ದ. ಮನೇಲಿ ನನ್ನ ಎದುರು ಒಂದು ದಿನಾನೂ ಬಾಯಿ ಮುಚ್ಚಿದವನಲ್ಲ."

ಪ್ರಶ್ನೆಗೆ ಪ್ರಶ್ನೆ ಸೇರಿ ಚಿತ್ರ ತಕ್ಕಮಟ್ಟಿಗೆ ಮೂಡಿತು. ಯಜಮಾನ, ತಮ್ಮ, ಅದೇ ನರ್ಸರಿಯಲ್ಲಿ ಕೆಲಸ ಮಾಡುವ ಉದ್ದಣ್ಣ, ಹೀಗೆ ಮೂವರು ಗಿಡಗಳ ಪ್ರದರ್ಶನಕ್ಕೆಂದು ವಿದೇಶಕ್ಕೆ ಹೋಗಿದ್ದರು. ವಾಪಸ್ಸು ಬಂದು ಎರಡು ವಾರ ತುಂಬಿರಲಿಲ್ಲ. ಉದ್ದಣ್ಣ ರಜೆ ಹಾಕಿ ತಾಯಿಯ ಮನೆಗೆ ಹೋಗಿದ್ದಾನೆ ಎಂದು ಯಜಮಾನ ಹೇಳಿದ್ದ.

ದಫೇದಾರರು ಕನ್ನಡಕ ಏರಿಸಿಕೊಂಡು ದೂರು ಬರೆದುಕೊಂಡರು. ಗುಬ್ಬಿ ಎಂದು ಇಡೀ ಠಾಣೆ ಕರೆಯುತ್ತಿದ್ದ ಕುಳ್ಳಗಿನ ಮಹಿಳಾ ಕಾನ್‌ಸ್ಟೇಬಲ್ ಕ್ಯಾಪ್ಸೂಲಿನ ಫೋಟೋ ತೆಗೆದಳು. ದಫೇದಾರರು ಅದನ್ನು ಲಕೋಟೆಗೆ ಹಾಕಿ, ಮೇಣದಬತ್ತಿಗೆ ಅರಗು ಹಿಡಿದು ಮೊಹರು ಒತ್ತಿದರು. ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬೇಕಾದ ವಸ್ತು. ಅಲ್ಲಿಂದ ವರದಿ ಬರುವ ಹೊತ್ತಿಗೆ ತಮ್ಮ ಎದ್ದು ಓಡಾಡುತ್ತಿರುತ್ತಾನೆ, ಇಲ್ಲವೇ ಇರುವುದೇ ಇಲ್ಲ ಎಂಬುದು ಆ ಕೋಣೆಯಲ್ಲಿದ್ದ ಮೂವರು ಪೊಲೀಸರಿಗೂ ಗೊತ್ತಿತ್ತು. ವಿಷವಿಕ್ಕಿ ಕೊಲ್ಲಲು ಯತ್ನಿಸಿದ ಆರೋಪದ ಮೇಲೆ ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯ ಡಾಕ್ಟರು ಮಾತಿನಲ್ಲಿ ಚುರುಕು, ಕಣ್ಣಿನಲ್ಲಿ ನಿದ್ದೆಗೆಟ್ಟವರು. ಕೇಸ್ ಶೀಟಿನ ಹಾಳೆ ತಿರುವುತ್ತಲೇ ಹೇಳಿದರು.

"ಮಲೇರಿಯಾ ಅಲ್ಲ, ಡೆಂಗಿ ಅಲ್ಲ. ಟೈಫಾಯ್ಡ್‌ಗೆ ರಕ್ತ ಕಲ್ಚರ್‌ಗೆ ಇಟ್ಟಿದೀವಿ, ಏನೂ ಬೆಳೆದಿಲ್ಲ. ದೊಡ್ಡ ಇಂಜೆಕ್ಷನ್ನೇ ಕೊಡ್ತಿದೀವಿ, ಜ್ವರ ಒಂದು ಡಿಗ್ರಿ ಇಳಿದಿಲ್ಲ. ಲಿವರ್ ಕೆಟ್ಟಿದೆ, ಮೂತ್ರ ಕಮ್ಮಿಯಾಗ್ತಿದೆ. ಇನ್ನೆರಡು ದಿನ ಹೀಗೇ ಹೋದ್ರೆ ನನ್ನ ಕೈ ಮೀರುತ್ತೆ."

"ವಿಷ ಇರಬಹುದಾ?"

"ವಿಷ ಇಷ್ಟು ಜ್ವರ ತರೋದು ಅಪರೂಪ. ಇಲ್ಲ ಅಂತಾನೂ ಹೇಳಲ್ಲ."

"ಪ್ರವಾಸದಿಂದ ಬಂದವನಲ್ವಾ?"

"ಅದನ್ನೇ ಮೊದಲು ಕೇಳೋದು ನಾವು. ಎಲ್ಲಿ ಹೋಗಿದ್ರಿ, ಎಲ್ಲಿ ಮಲಗಿದ್ರಿ, ಏನು ಮುಟ್ಟಿದ್ರಿ, ಯಾವ ನೀರಿಗಿಳಿದ್ರಿ. ಇವರು ಹೋಗಿದ್ದು ನಗರ, ಮಲಗಿದ್ದು ಎಸಿ ಹೋಟ್ಲು, ನೋಡಿದ್ದು ಪ್ರದರ್ಶನದ ಹಾಲು. ಇಂಥ ಪ್ರವಾಸಕ್ಕೆ ಇಂಥ ಜ್ವರ ಬರಬಾರದು. ಆದ್ರೂ ಬಂದಿದೆ."

ಅಷ್ಟರಲ್ಲಿ ತುರ್ತು ವಿಭಾಗದಿಂದ ಕರೆ ಬಂದು ಡಾಕ್ಟರು ಓಡಿದರು.

ಇನ್ಸ್‌ಪೆಕ್ಟರಿಗೆ ಒಂದು ನಿಯಮವಿತ್ತು. ದೂರಿನಲ್ಲಿ ಮೈಮೇಲೆ ಕೈಯಿಟ್ಟ ಮಾತಿದ್ದರೆ, ಗಾಯ ಕಾಣಲಿ ಬಿಡಲಿ, ನೆತ್ತಿಯಿಂದ ಅಂಗಾಲಿನವರೆಗೆ ಮುಂದೆ ಹಿಂದೆ ನೋಡಿ ಪಂಚನಾಮೆ ಬರೆಯಬೇಕು. ಬಟ್ಟೆ ಸರಿಸದೆ ಬರೆದದ್ದು ಪಂಚನಾಮೆಯಲ್ಲ, ಪ್ರಬಂಧ ಎನ್ನುತ್ತಿದ್ದಳು. ಬೇರೆ ಠಾಣೆಯವರು ಇದಕ್ಕೆ ನಗುತ್ತಿದ್ದರು. ಲಿಫ್ಟ್ ನಡೆಸುವವನನ್ನೂ ಎಕ್ಸ್‌ರೇ ಕೋಣೆಯ ನೌಕರನನ್ನೂ ಪಂಚರಾಗಿ ಕರೆದು, ಒಬ್ಬ ನರ್ಸನ್ನು ಜೊತೆಗೆ ಕೊಟ್ಟು ದಫೇದಾರರನ್ನು ಪರದೆಯ ಒಳಗೆ ಕಳಿಸಿದಳು. ತಾನು ಹೊರಗೆ ಸ್ಟೂಲಿನ ಮೇಲೆ ಕುಳಿತು ಅವರು ಹೇಳಿದ್ದನ್ನು ಬರೆಯತೊಡಗಿದಳು.

"ತಲೆ, ಗಾಯವಿಲ್ಲ. ಮುಖ, ಗಾಯವಿಲ್ಲ, ಕಣ್ಣು ಕೆಂಪು. ಎದೆಯ ಮೇಲೆ ತಿಳಿಗೆಂಪು ಸಣ್ಣ ಸಣ್ಣ ಕಲೆ, ಒತ್ತಿದರೆ ಮಾಯ. ಎಡಗೈ, ಸೂಜಿ ಚುಚ್ಚಿದ ಗುರುತು, ಆಸ್ಪತ್ರೆಯದು." ದಫೇದಾರರ ಧ್ವನಿ ರೇಡಿಯೋದಲ್ಲಿ ಹವಾಮಾನ ಓದಿದಂತೆ ಸಾಗುತ್ತಿತ್ತು. "ಮೊಣಕಾಲು, ಹಳೇ ತರಚು. ಸ್ವಲ್ಪ ಮಗ್ಗುಲಾಗಿಸಿ, ಹಾಂ. ಬೆನ್ನು, ಗಾಯವಿಲ್ಲ. ಸೊಂಟ..."

ಧ್ವನಿ ನಿಂತಿತು.

"ಮೇಡಂ, ಒಂಚೂರು ಒಳಗೆ ಬನ್ನಿ."

ಪೈಜಾಮದ ಪಟ್ಟಿ ಕೂರುವ ಜಾಗದ ತುಸು ಕೆಳಗೆ, ಬೆನ್ನುಮೂಳೆಯ ಪಕ್ಕ, ಒಂದು ದುಂಡನೆಯ ಕಪ್ಪು ಗುರುತು. ನಡುವೆ ಇದ್ದಿಲಿನಂಥ ಹಕ್ಕಳೆ, ಸುತ್ತ ಕೆಂಪು ಅಂಚು. ದಫೇದಾರರು ಸ್ಕೇಲು ಹಿಡಿದರು. ಹಿಡಿಯುವ ಅಗತ್ಯವೇನೂ ಇರಲಿಲ್ಲ. ಮೂವತ್ತು ವರ್ಷ ಖಾಕಿ ಹಾಕಿದವರಿಗೆ ಆ ಅಳತೆ ಬಾಯಿಪಾಠ.

"ಸಿಗರೇಟು," ಎಂದಳು ಇನ್ಸ್‌ಪೆಕ್ಟರ್.

"ಸಿಗರೇಟೇ. ಬೀಡಿ ಆಗಿದ್ರೆ ಇಷ್ಟು ಅಚ್ಚುಕಟ್ಟಾಗಿ ಬರಲ್ಲ," ಎಂದರು ದಫೇದಾರರು. "ವಾರದ ಮೇಲಾಗಿದೆ. ಬಟ್ಟೆ ಮುಚ್ಚೋ ಜಾಗ ನೋಡ್ಕೊಂಡು ಇಟ್ಟಿದಾರೆ."

ಲಿಫ್ಟಿನವನ ಮುಖ ಬಿಳಿಚಿತು. ಇನ್ಸ್‌ಪೆಕ್ಟರ್ ಬರೆದಳು: ಸೊಂಟದ ಹಿಂಭಾಗ, ಸಿಗರೇಟಿನಿಂದ ಸುಟ್ಟ ಗಾಯ, ಒಂದು. ಪಂಚರು ಸಹಿ ಹಾಕಿದರು.

ನರ್ಸರಿ ಊರಿನ ಅಂಚಿನಲ್ಲಿ, ಗೋದಾಮುಗಳ ಸಾಲಿನ ಹಿಂದೆ ಇತ್ತು. ಮುಂದೆ ಕುಂಡಗಳ ಸಾಲು, ಹಿಂದೆ ಎರಡು ಹಸಿರುಮನೆ. ಮೊದಲನೆಯದರ ಬಾಗಿಲು ತೆರೆದಿತ್ತು, ಎರಡನೆಯದಕ್ಕೆ ಬೀಗ. ಯಜಮಾನ ಐವತ್ತು ದಾಟಿದ, ಸಣ್ಣ ದನಿಯ ಮನುಷ್ಯ. ಉಗುರಿನ ಸಂದಿಯಲ್ಲಿ ಪಾಚಿ. ಪೊಲೀಸರನ್ನು ಕಂಡಾಗ ಕೈಲಿದ್ದ ನೀರಿನ ಪಿಚಕಾರಿಯನ್ನು ಕೆಳಗಿಡದೆ, ಹತ್ತಿರದ ಎಲೆಗೆ ಇನ್ನೆರಡು ಸಲ ನೀರು ಸಿಂಪಡಿಸಿ ಆಮೇಲೆ ತಿರುಗಿದ.

"ಸಿಗರೇಟು ಸೇದ್ತೀರಾ?" ಎಂದಳು ಇನ್ಸ್‌ಪೆಕ್ಟರ್.

"ಇಲ್ಲ ಮೇಡಂ. ಗಿಡಕ್ಕೆ ಹೊಗೆ ಆಗಲ್ಲ."

"ಉದ್ದಣ್ಣ ಸೇದ್ತಾನಾ?"

"ಇಲ್ಲಿ ಯಾರೂ ಸೇದೋ ಹಾಗಿಲ್ಲ."

"ಆಸ್ಪತ್ರೇಲಿ ಕೊಟ್ಟಿದ್ದು ಏನು ಮಾತ್ರೆ?"

"ಶಕ್ತಿಗೆ."

"ಪ್ಯಾಕೆಟ್ ಎಲ್ಲಿ?"

"ಎಸೆದೆ."

"ಹುಡುಗನ ಸೊಂಟದ ಮೇಲೆ ಕಪ್ಪು ಗಾಯ ಇದೆ. ದುಂಡಗೆ, ಇಷ್ಟಗಲ. ಯಾರು ಮಾಡಿದ್ದು?"

ಯಜಮಾನನ ಎಡಗೈ ತಾನಾಗಿ ಕೆಳಗಿಳಿದು, ಎಡ ಮೊಣಕಾಲಿನ ಹಿಂದಿನ ಮಡಿಕೆಯನ್ನು ಪ್ಯಾಂಟಿನ ಮೇಲಿಂದ ಒಮ್ಮೆ ಸವರಿತು. ಅಲ್ಲಿ ಕೈಯಿರುವುದು ಅವನಿಗೇ ತಡವಾಗಿ ಗೊತ್ತಾದಂತೆ ಮೇಲೆತ್ತಿಕೊಂಡ. ಇನ್ಸ್‌ಪೆಕ್ಟರ್ ಅದನ್ನು ನೋಡಿದಳು. ತಪ್ಪಿತಸ್ಥರು ಮೂಗು ಮುಟ್ಟಿಕೊಳ್ಳುತ್ತಾರೆ, ಕುತ್ತಿಗೆ ಉಜ್ಜಿಕೊಳ್ಳುತ್ತಾರೆ. ಮೊಣಕಾಲಿನ ಹಿಂಭಾಗ ಮುಟ್ಟಿಕೊಂಡವರನ್ನು ಅವಳು ಕಂಡಿರಲಿಲ್ಲ.

"ಗೊತ್ತಿಲ್ಲ ಮೇಡಂ," ಎಂದ. "ಅವನು ಹೇಗಿದಾನೆ?"

"ಅದನ್ನ ನೀವೇ ಹೇಳಬೇಕು."

ಗೇಟಿಗೆ ಒಬ್ಬ ಪೇದೆಯನ್ನು ಕಾವಲಿಟ್ಟು, ಎಲ್ಲೂ ಹೋಗಬಾರದೆಂದು ಯಜಮಾನನಿಗೆ ಹೇಳಿ ಹೊರಟರು. ಜೀಪಿನಲ್ಲಿ ಗುಬ್ಬಿ ಫೋನು ಕಿವಿಯಿಂದ ತೆಗೆದು ಹಿಂದಿನ ಸೀಟಿನಿಂದ ಬಗ್ಗಿದಳು.

"ಮೇಡಂ, ಉದ್ದಣ್ಣನ ತಾಯಿ ಸಿಕ್ಕಿದ್ರು. ಮಗ ಇನ್ನೂ ವಿದೇಶದಲ್ಲೇ ಇದಾನಂತೆ. ಕೆಲಸ ಮುಗಿದಿಲ್ಲ, ತಡ ಆಗುತ್ತೆ ಅಂತ ಯಜಮಾನ್ರೇ ಫೋನ್ ಮಾಡಿ ಹೇಳಿದ್ರಂತೆ."

"ನಮಗೆ ತಾಯಿ ಮನೇಲಿದಾನೆ ಅಂತ, ತಾಯಿಗೆ ವಿದೇಶದಲ್ಲಿದಾನೆ ಅಂತ," ಎಂದರು ದಫೇದಾರರು. "ಅಂದ್ರೆ ಎರಡೂ ಕಡೆ ಇಲ್ಲ."

ಒಬ್ಬ ಸುಟ್ಟ ಗಾಯದೊಂದಿಗೆ ಸಾಯುತ್ತ ಮಲಗಿದ್ದಾನೆ, ಇನ್ನೊಬ್ಬ ಕಾಣೆಯಾಗಿದ್ದಾನೆ. ಇನ್ಸ್‌ಪೆಕ್ಟರ್ ಮನಸ್ಸಿನಲ್ಲಿ ಎರಡನೆಯ ಎಫ್‌ಐಆರ್ ಆಗಲೇ ಬರೆಯುತ್ತಿದ್ದಳು.

ಗಾಯದ ಪ್ರಮಾಣಪತ್ರ ಬರೆಯಲು ಡಾಕ್ಟರಿಗೆ ಪಂಚನಾಮೆಯ ಪ್ರತಿ ಕೊಡಬೇಕಿತ್ತು. ಸಂಜೆ ಐದಕ್ಕೆ ಅವರು ವಾರ್ಡಿನ ಕಟ್ಟೆಗೊರಗಿ ಚಹಾ ಕುಡಿಯುತ್ತಿದ್ದರು. ಹಾಳೆಯ ಮೇಲೆ ಕಣ್ಣಾಡಿಸಿ, ಕೊನೆಯ ಸಾಲಿಗೆ ಬಂದು, ಮತ್ತೆ ಮೇಲಿನಿಂದ ಓದಿದರು.

"ಸುಟ್ಟ ಗಾಯಾನಾ? ಎಲ್ಲಿ?"

"ಸೊಂಟದ ಹಿಂದೆ. ಸಿಗರೇಟಿಂದು."

"ಎಷ್ಟಿವೆ?"

"ಒಂದೇ."

ಚಹಾದ ಲೋಟ ಕಟ್ಟೆಯ ಮೇಲೆ ಉಳಿಯಿತು, ಡಾಕ್ಟರು ಉಳಿಯಲಿಲ್ಲ. ಇನ್ಸ್‌ಪೆಕ್ಟರ್ ಹಿಂದೆಯೇ ನಡೆದು ಪರದೆ ಸರಿಸುವಷ್ಟರಲ್ಲಿ ಅವರು ರೋಗಿಯನ್ನು ಮಗ್ಗುಲಾಗಿಸಿ, ಮೊಬೈಲಿನ ಬೆಳಕು ಹಿಡಿದು, ಭೂತಗನ್ನಡಿಯೊಳಗಿಂದ ಆ ಕಪ್ಪು ಗುರುತನ್ನು ನೋಡುತ್ತಿದ್ದರು. ಬೆರಳಿನಿಂದ ಒತ್ತಿದರು. ತೊಡೆಯ ಸಂದಿಯನ್ನು ತಡವಿ, ಅಲ್ಲೊಂದು ಗಂಟು ಕೈಗೆ ಸಿಕ್ಕಾಗ ಕಣ್ಣು ಮುಚ್ಚಿಕೊಂಡರು.

"ನಾಲ್ಕು ದಿನ ಇವನ ಮೈ ಮುಟ್ಟಿ ನೋಡಿದೀವಿ," ಎಂದರು ಮೆಲ್ಲಗೆ. "ಪಟ್ಟಿ ಸರಿಸಿ ನೋಡಿಲ್ಲ. ಮೇಡಂ, ಇದು ಸಿಗರೇಟಲ್ಲ. ಸಿಗರೇಟು ಸುಟ್ಟಿದ್ರೆ ಕಿರುಚಿ ಊರು ಎಬ್ಬಿಸ್ತಿದ್ದ. ಈ ಗಾಯ ನೋಯೋದೇ ಇಲ್ಲ. ಆಗಿದ್ದೂ ಇವನಿಗೆ ಗೊತ್ತಿರಲ್ಲ."

"ಮತ್ತೇನು?"

"ಕಚ್ಚಿದ ಗುರುತು. ನಾನೂ ಪುಸ್ತಕದಲ್ಲಿ ಮಾತ್ರ ನೋಡಿದ್ದು." ಹಿಂದೆ ತಿರುಗಿ ಕೂಗಿದರು, "ಸಿಸ್ಟರ್, ಡಾಕ್ಸಿಸೈಕ್ಲಿನ್! ಮೂಗಿನ ನಳಿಕೆಯಲ್ಲಿ, ಈಗಲೇ. ರಕ್ತ ಟೆಸ್ಟಿಗೂ ಕಳಿಸಿ, ಆದ್ರೆ ವರದಿಗೆ ಕಾಯಬೇಡಿ."

ಇನ್ಸ್‌ಪೆಕ್ಟರ್ ಹಿಂದೆಯೇ ಬಂದಿದ್ದ ಗುಬ್ಬಿಗೆ ಆ ಹೆಸರಿನ ಅಕ್ಷರಗಳನ್ನು ಕ್ಯಾಪ್ಸೂಲಿನ ಮೇಲೆ ಕಂಡ ನೆನಪಾಯಿತು. ಫೋನಿನಲ್ಲಿದ್ದ ಫೋಟೋ ತೆಗೆದು ಮುಂದೆ ಹಿಡಿದಳು. "ಸರ್, ಇದೇನು ನೋಡಿ. ಇವನ ಬಾಯಿಗೆ ತುರುಕಿದ್ದು."

ಡಾಕ್ಟರು ಫೋಟೋ ದೊಡ್ಡದು ಮಾಡಿ, ಕ್ಯಾಪ್ಸೂಲಿನ ಮೇಲಿನ ಅಕ್ಷರ ಓದಿದರು. ಅಷ್ಟರಲ್ಲಿ ನರ್ಸು ಔಷಧದ ಕಪಾಟಿನಿಂದ ಒಂದು ಪಟ್ಟಿ ತಂದಳು. ಪ್ಲಾಸ್ಟಿಕ್ಕಿನ ಗುಳ್ಳೆಗಳೊಳಗೆ ಸಾಲಾಗಿ ಮಲಗಿದ್ದವು ಅರ್ಧ ಕಡುಹಸಿರು, ಅರ್ಧ ತಿಳಿಹಸಿರು ಕ್ಯಾಪ್ಸೂಲುಗಳು.

"ಇದು ವಿಷ ಅಲ್ಲ," ಎಂದರು ಡಾಕ್ಟರು. "ಇದೇ ಮದ್ದು. ಬೆಳಿಗ್ಗೆ ಇವನ ಬಾಯಲ್ಲಿತ್ತು."

ಹಾಸಿಗೆಯ ಆ ಬದಿಯಲ್ಲಿ ನಿಂತಿದ್ದ ಅಕ್ಕ ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಹೊಡೆದ ಕೈ ಅದೇ. ಅದನ್ನು ಕಂಡ ಡಾಕ್ಟರು, "ಎಚ್ಚರ ಇಲ್ಲದವನ ಬಾಯಿಗೆ ಹಾಕಿದ್ರೆ ಉಸಿರು ಕಟ್ಟಿರೋದು ತಾಯಿ. ನೀವು ಹೊಡೆದಿದ್ದೇ ಸರಿ," ಎಂದರು.

ದಫೇದಾರರು ಗಂಟಲು ಸರಿಮಾಡಿಕೊಂಡರು. "ಎಫ್‌ಐಆರ್‌ನಲ್ಲಿ ವಿಷ ಅಂತ ಇದೆ, ಮೇಡಂ. ವಿಷ ಹೋಗಿ ಮದ್ದಾಯ್ತು ಅಂತ ಕೋರ್ಟಿಗೆ ಹೇಗೆ ಬರೀಲಿ?"

ಇನ್ಸ್‌ಪೆಕ್ಟರ್ ಡಾಕ್ಟರ ಕಡೆ ತಿರುಗಿದಳು. "ಏನು ಕಚ್ಚಿದ್ದು, ಡಾಕ್ಟ್ರೇ?"

ಡಾಕ್ಟರು ಪಂಚನಾಮೆಯ ಹಾಳೆಯ ಅಂಚಿನಲ್ಲಿ ಪೆನ್ನಿನ ತುದಿಯಿಂದ ಒಂದು ಚುಕ್ಕಿ ಇಟ್ಟರು. "ಇದಕ್ಕಿಂತ ಚಿಕ್ಕದು. ಒಂಥರಾ ನುಸಿ. ಅದೂ ದೊಡ್ಡದಲ್ಲ, ಅದರ ಮರಿ. ಕಾಡಿನ ಅಂಚಲ್ಲಿ, ಪೊದೇಲಿ, ಹುಲ್ಲಿನ ತುದೀಲಿ ಕೂತಿರುತ್ತೆ. ನಮ್ಮ ಉಸಿರು ತಗುಲಿದ್ರೆ ಯಾರೋ ಬಂದ್ರು ಅಂತ ಅದಕ್ಕೆ ಗೊತ್ತಾಗುತ್ತೆ. ಮೈ ಮೇಲೆ ಹತ್ತಿ ಬಟ್ಟೆ ಬಿಗಿಯಾಗಿರೋ ಜಾಗ ಹುಡುಕುತ್ತೆ. ಜೀವಮಾನದಲ್ಲಿ ಒಂದೇ ಸಲ ಅದು ಹೀಗೆ ಕಚ್ಚೋದು. ಆಮೇಲೆ ಮಣ್ಣಿಗೆ ಬಿದ್ದು ತನ್ನ ಪಾಡಿಗೆ ಬದುಕುತ್ತೆ."

"ಅಷ್ಟಕ್ಕೆ ಮನುಷ್ಯ ಸಾಯ್ತಾನಾ?"

"ಅದರ ಒಳಗೆ ಇನ್ನೂ ಚಿಕ್ಕದು ಇರುತ್ತಲ್ಲ, ಬ್ಯಾಕ್ಟೀರಿಯಾ. ಅಜ್ಜಿ ನುಸಿಯಿಂದ ತಾಯಿಗೆ, ತಾಯಿಯಿಂದ ಮೊಟ್ಟೆಗೆ ಇಳ್ಕೊಂಡು ಬಂದಿರುತ್ತೆ, ಮನೆತನದ ಒಡವೆ ಹಾಗೆ. ನಮ್ಮ ಮೈಗೆ ಬಂದ್ರೆ ಜೀವಕೋಶದ ಒಳಗೇ ನುಗ್ಗಿ ಬಾಗಿಲು ಹಾಕ್ಕೊಂಡು ಕೂರುತ್ತೆ. ನಾನು ಕೊಟ್ಟ ದೊಡ್ಡ ದೊಡ್ಡ ಇಂಜೆಕ್ಷನ್ನೆಲ್ಲ ಹೊರಗೇ ನಿಂತು ಬಾಗಿಲು ಬಡೀತಿದ್ವು. ಈ ಹಸಿರು ಮಾತ್ರೆಗೆ ಒಳಗೆ ಹೋಗೋ ದಾರಿ ಗೊತ್ತು. ಸ್ಕ್ರಬ್ ಟೈಫಸ್ ಅಂತಾರೆ."

ಇನ್ಸ್‌ಪೆಕ್ಟರ್ ಆ ಚುಕ್ಕಿಯನ್ನೇ ನೋಡುತ್ತಿದ್ದಳು. ಕೊಲೆಗಾರರನ್ನು, ಅವರ ಆಯುಧಗಳನ್ನು ಅವಳು ಕಂಡಿದ್ದಳು. ಮಚ್ಚಿಗೆ ತೂಕವಿರುತ್ತದೆ, ಮೇಜಿನ ಮೇಲಿಟ್ಟರೆ ಸದ್ದಾಗುತ್ತದೆ. ಇಲ್ಲಿ ಹುಲ್ಲೆಸಳಿನ ತುದಿಯಲ್ಲಿ ಕೂತು, ಯಾರ ಮೇಲೂ ದ್ವೇಷವಿಲ್ಲದೆ, ಒಂದು ಉಸಿರಿಗಾಗಿ ಕಾಯುವ ಚುಕ್ಕಿ. ಅದು ಸಹಿ ಹಾಕಿ ಹೋದ ಜಾಗವನ್ನು ಇವಳೇ ಅಳತೆ ಸಮೇತ ಬರೆದುಕೊಂಡು, ಕೆಳಗೆ ಬೇರೆಯವರ ಹೆಸರು ಹಾಕಿದ್ದಳು.

"ಎಸಿ ಹೋಟ್ಲಲ್ಲಿ ಇದಿರಲ್ಲ," ಎಂದಳು.

"ಸಾಧ್ಯಾನೇ ಇಲ್ಲ. ಇವರು ಕಾಡು ಹೊಕ್ಕಿದಾರೆ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟಲ್ಲ, ಅದೊಂದು ಪುಣ್ಯ. ಆದ್ರೆ ಇವನ ಜೊತೆ ಆ ಪೊದೇಲಿ ಇನ್ಯಾರಿದ್ರು?"

"ಉದ್ದಣ್ಣ," ಎಂದಳು ಅಕ್ಕ.

"ಅವನನ್ನ ಹುಡುಕಿ. ಎಲ್ಲಿದ್ರೂ ಇವತ್ತೇ."

ಆರೂವರೆಗೆ ಜೀಪು ನರ್ಸರಿಯ ಗೇಟು ದಾಟಿದಾಗ ಯಜಮಾನ ಬೀಗ ಹಾಕಿದ್ದ ಹಸಿರುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದ. ಇನ್ಸ್‌ಪೆಕ್ಟರ್ ಅವನೆದುರು ಮೊಣಕಾಲೂರಿ ಕುಳಿತಳು.

"ಆ ಮಾತ್ರೆ ಏನು ಅಂತ ಗೊತ್ತಾಯ್ತು."

ಅವನು ತಲೆಯೆತ್ತಿದ. "ಅವನಿಗೆ ಕೊಟ್ರಾ?"

"ಕೊಟ್ರು."

ಅವನ ಭುಜಗಳು ಸಡಿಲಾದವು. ಬಹಳ ದೂರದಿಂದ ಹೊತ್ತು ತಂದ ಮೂಟೆ ಇಳಿಸಿದವನ ಹಾಗೆ ಉಸಿರುಬಿಟ್ಟ.

"ಮೊಣಕಾಲ ಹಿಂದೆ ತೋರ್ಸಿ."

ಪ್ಯಾಂಟು ಮಡಿಚಿದ. ಮಡಿಕೆಯಲ್ಲಿ ಬಟಾಣಿಯಗಲದ ಹಳೆಯ ಬಿಳಿ ಕಲೆ. "ಇಪ್ಪತ್ತು ವರ್ಷದ ಹಿಂದಿಂದು," ಎಂದ. "ಅದೇ ಕಾಡು."

"ಉದ್ದಣ್ಣ ಎಲ್ಲಿ?"

"ಅವನಿಗೆ ಮೊದಲೇ ಕೊಟ್ಟೆ. ಜ್ವರ ಇಳಿದಿತ್ತು. ನನ್ನ ಹತ್ರ ಮಾತ್ರೆ ಕಮ್ಮಿ ಇತ್ತು, ಅಂಗಡೀಲಿ ಡಾಕ್ಟ್ರ ಚೀಟಿ ಕೇಳ್ತಾರೆ, ಉಳಿದದ್ದನ್ನ ಆಸ್ಪತ್ರೆಗೆ ಒಯ್ದೆ. ಇವತ್ತು ಮಧ್ಯಾಹ್ನದಿಂದ ಮತ್ತೆ..."

"ಎಲ್ಲಿ ಅಂದೆ!"

ಗಿಡ ಕಟ್ಟುವ ಹಿಂದಿನ ಕೋಣೆಯಲ್ಲಿ, ಪಾಚಿಯ ಮೂಟೆಗಳ ನಡುವೆ, ಉದ್ದಣ್ಣ ಮಂಚಕ್ಕೆ ಸಾಲದೆ ಪಾದ ಹೊರಚಾಚಿ ಮಲಗಿದ್ದ. ಮೈ ಕಾದ ಹಂಚಿನಂತಿತ್ತು. ದಫೇದಾರರನ್ನು ನೋಡಿ, "ನೀರು ಹಾಕಾಯ್ತು ಯಜಮಾನ್ರೇ," ಎಂದು ತೊದಲಿದ. ಕುಂಡ ಸಾಗಿಸುವ ಚಕ್ರದ ಗಾಡಿಯಲ್ಲಿ ಅವನನ್ನು ಮಲಗಿಸಿ ಜೀಪಿನವರೆಗೆ ತಳ್ಳಿದರು. ಗುಬ್ಬಿ ಪಕ್ಕದಲ್ಲಿ ಓಡುತ್ತ ಅವನ ತಲೆ ಅಲುಗಾಡದಂತೆ ಹಿಡಿದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಅವನ ಕಂಕುಳಲ್ಲಿ ಅದೇ ಕಪ್ಪು ಸಹಿ ಸಿಕ್ಕಿತು.

ಏಳೂ ಹತ್ತಕ್ಕೆ ಯಜಮಾನನನ್ನು ಬಂಧಿಸಲಾಯಿತು. ವಿದೇಶದ ಕಾಡಿನಿಂದ ಪರವಾನಗಿಯಿಲ್ಲದೆ ಗಿಡ ತಂದದ್ದು, ಸುಳ್ಳು ಹೇಳಿ ಇಬ್ಬರ ಜೀವಕ್ಕೆ ಅಪಾಯ ತಂದದ್ದು, ಒಬ್ಬನನ್ನು ಬಚ್ಚಿಟ್ಟದ್ದು. ವಿಷದ ಕಲಮಿಗೆ ಬದಲು ಈ ಕಲಮುಗಳೆಂದು ಕೋರ್ಟಿಗೆ ಬರೆಯಲು ದಫೇದಾರರಿಗೆ ಎರಡು ಹಾಳೆ ಹಾಳಾದವು.

ವಿಚಾರಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ನಿಷೇಧಿತ ಕಾಡು. ಅಲ್ಲಿಂದ ಒಂದು ಗಿಡ ಕಿತ್ತರೂ ಜೈಲು. ಕಾಡಿನ ಹೆಸರು ಹೇಳಿದರೆ ಜ್ವರದ ಹೆಸರು ಸಿಗುತ್ತಿತ್ತು, ಆದರೆ ಅಲ್ಲಿಂದ ಕದ್ದು ತಂದ ಗಿಡ ಅದೇ ದಿನ ಜಪ್ತಿಯಾಗಿ ಹೋಗುತ್ತಿತ್ತು. ಮೊಗ್ಗು ಬಿಟ್ಟಿತ್ತು. ಬಿರಿಯಲು ಮೂರು ನಾಲ್ಕು ದಿನ ಬೇಕಿತ್ತು.

"ಹೆಸರು ಹಾಕದೆ ಒಂದು ಚೀಟಿ ಬರೆದು ಡಾಕ್ಟ್ರ ಮೇಜಿನ ಮೇಲೆ ಇಡಬಹುದಿತ್ತಲ್ಲ?" ಎಂದಳು ಇನ್ಸ್‌ಪೆಕ್ಟರ್.

ಅವನು ತಲೆಯೆತ್ತಿ ಅವಳನ್ನು ನೋಡಿದ. "ಹೊಳೀಲಿಲ್ಲ, ಮೇಡಂ."

ಸುಳ್ಳಿಗೆ ಅವಳ ಕಿವಿ ಪಳಗಿತ್ತು. ಇದು ಸುಳ್ಳಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಸಸ್ಯ ಇಲಾಖೆಯವರು ಬಂದರು. ಗಿಡ ಗುರುತಿಸಲು ಆರೋಪಿಯನ್ನು ಕರೆತಂದು ಬೀಗದ ಹಸಿರುಮನೆಗೆ ಪೊಲೀಸರು ಒತ್ತಿದ್ದ ಮೊಹರು ಒಡೆಯಲಾಯಿತು. ಒಳಗೆ ಮಂಜಿನಂಥ ತೇವ. ಮರದ ತೊಗಟೆಯ ತುಂಡೊಂದಕ್ಕೆ ಅಂಟಿಕೊಂಡು, ಬೆರಳುಗುರಿನಷ್ಟು ಎತ್ತರದ ಆರ್ಕಿಡ್. ಇಷ್ಟಕ್ಕಾಗಿ ಎಂಬ ಪ್ರಶ್ನೆ ಎಲ್ಲರ ಮುಖದಲ್ಲಿತ್ತು. ಯಜಮಾನ ಬೇಡಿ ಹಾಕಿದ ಕೈಯಿಂದಲೇ ಕೊಕ್ಕೆಗೆ ತೂಗುಹಾಕಿದ್ದ ಭೂತಗನ್ನಡಿಯನ್ನು ತೋರಿಸಿದ.

"ಬಿರಿದಿದೆ," ಎಂದ.

ಇನ್ಸ್‌ಪೆಕ್ಟರ್ ಬಗ್ಗಿದಳು. ಸಾಸಿವೆಗಿಂತ ಚಿಕ್ಕದಾದ ಚುಕ್ಕಿ ಗಾಜಿನೊಳಗೆ ಅರಳಿ ನಿಂತಿತು. ಗಾಜಿಗಿಂತ ತೆಳು ಎಸಳು, ಒಳಗೆ ಹರಿಯುವ ಒಂದೇ ಒಂದು ಕೆಂಪು ನರ, ನಡುವೆ ಬಟ್ಟಲು, ಬಟ್ಟಲಲ್ಲಿ ಹೊನ್ನಿನ ಎರಡು ಕಣ. ಯಾರ ಕಣ್ಣಿಗೂ ಕಾಣದ ಅಳತೆಯಲ್ಲಿ ಯಾರೋ ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದರು. ಅವಳ ಉಸಿರು ತಾಕಿ ಹೂವು ಅಲುಗಿತು. ಮಂಗಳವಾರದ ಚುಕ್ಕಿ ನೆನಪಾಗಿ, ತಟ್ಟನೆ ಉಸಿರು ಹಿಡಿದಳು.

"ಇಪ್ಪತ್ತು ವರ್ಷದ ಹಿಂದೆ ಜ್ವರ ಏರಿ ಆ ಕಾಡಲ್ಲಿ ಒಂದು ಮರದ ಬುಡದಲ್ಲಿ ಬಿದ್ದಿದ್ದೆ," ಎಂದ ಯಜಮಾನ ಹಿಂದಿನಿಂದ. "ಕಣ್ಣಿನ ನೇರಕ್ಕೆ ಇದು ಅರಳಿತ್ತು. ಹೊತ್ತು ತಂದವರಿಗೆಲ್ಲ ಹೇಳ್ದೆ. ಅಲ್ಲಿ ಅಂಥ ಹೂವೇ ಇಲ್ಲ, ಜ್ವರದಲ್ಲಿ ಕಂಡಿದ್ದು ಅಂದ್ರು. ನನಗೂ ಹಾಗೇ ಇರಬಹುದು ಅನ್ನಿಸ್ತಿತ್ತು. ಇದಕ್ಕೆ ಮುಂಚೆ ಮೂರು ಸಲ ಗಿಡ ತಂದೆ, ಮೂರೂ ಸಲ ಹೂ ಬಿಡದೆ ಸತ್ತವು. ನಿಜಾನಾ ಸುಳ್ಳಾ ಅಂತ ನೋಡಬೇಕಿತ್ತು. ಅಷ್ಟೇ."

ದಫೇದಾರರು ಜಪ್ತಿ ಪಂಚನಾಮೆ ಬರೆಯುತ್ತಿದ್ದರು. ಗಿಡ, ಒಂದು. ಹೂವು, ಒಂದು. ಬಣ್ಣ ಎಂದು ಬರೆದು ಭೂತಗನ್ನಡಿಯಲ್ಲಿ ಇಣುಕಿದರು. ಮತ್ತೊಮ್ಮೆ ಇಣುಕಿದರು. ಮೈಮೇಲಿನ ಗಾಯವನ್ನೆಲ್ಲ ಒಂದೇ ಉಸಿರಿಗೆ ಹೇಳುವವರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ನಿಂತರು. ಆ ಜಾಗ ಖಾಲಿ ಉಳಿಯಿತು. ಗುಬ್ಬಿ ಗಾಜಿನ ಮೂಲಕ ಒಂದು ಫೋಟೋ ತೆಗೆದಳು. ಹೊರಡುವ ಮುನ್ನ ಇನ್ಸ್‌ಪೆಕ್ಟರ್ ಅದನ್ನು ತನ್ನ ಫೋನಿಗೆ ಕಳಿಸಿಕೊಂಡಳು.

ಮಧ್ಯಾಹ್ನ ಹೇಳಿಕೆ ಪಡೆಯಲು ವಾರ್ಡಿಗೆ ಹೋದಾಗ ತಮ್ಮ ದಿಂಬಿಗೊರಗಿ ಕುಳಿತು ಚಮಚದಲ್ಲಿ ಗಂಜಿ ಕುಡಿಯುತ್ತಿದ್ದ. ಜ್ವರ ಬುಧವಾರ ರಾತ್ರಿಯೇ ಬಿಟ್ಟಿತ್ತು. ಪಕ್ಕದ ಮಂಚದಲ್ಲಿ ಉದ್ದಣ್ಣ ಕಾಲು ಮಡಿಚಿಕೊಂಡು ನಿದ್ರಿಸುತ್ತಿದ್ದ. ನಾಲ್ಕು ದಿನ ಸಾವಿನ ಕಡೆಗೆ ಜಾರುತ್ತಿದ್ದ ಮೈಯನ್ನು ಒಂದು ಹಿಡಿ ಹಸಿರು ಮಾತ್ರೆ ಎರಡು ದಿನದಲ್ಲಿ ಎಳೆದು ತಂದಿತ್ತು. ಇನ್ಸ್‌ಪೆಕ್ಟರ್ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟಳು.

"ಎಡಗಿವಿ ಮಂದ ಆಗಿದೆ, ಮೇಡಂ," ಎಂದಳು ಅಕ್ಕ. "ಸರಿ ಹೋಗಬಹುದು, ಹೋಗದೆಯೂ ಇರಬಹುದು ಅಂತಾರೆ ಡಾಕ್ಟ್ರು. ಅದಕ್ಕೇ ಬಲಗಡೆ ಕೂತು ಬೈತಿದೀನಿ."

"ಬೆಳಿಗ್ಗೆಯಿಂದ ನಿಲ್ಲಿಸಿಲ್ಲ," ಎಂದ ತಮ್ಮ.

"ನಿಲ್ಸಲ್ಲ. ಹೇಳ್ಬೇಡ ಅಂದ್ರೆ ಹೇಳದೆ ಸಾಯ್ತೀಯೇನೋ?" ಎಂದು ಗದರಿ, ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಅದೇನು ಅಂಥ ಹೂವು? ತೋರ್ಸಿ ನೋಡೋಣ."

ಇನ್ಸ್‌ಪೆಕ್ಟರ್ ಫೋನು ಕೊಟ್ಟಳು. ಅಕ್ಕ ತೋಳಿನುದ್ದ ದೂರ ಹಿಡಿದು, ಹತ್ತಿರ ತಂದು ನೋಡಿದಳು.

"ಇದಕ್ಕಾ?"

ಅವಳ ಮುಖ ಗಟ್ಟಿಯಾಯಿತು. ಫೋನು ವಾಪಸ್ಸು ಕೊಟ್ಟು, ತಮ್ಮನ ಗಂಜಿಯ ಬಟ್ಟಲು ಕಸಿದುಕೊಂಡು ಚಮಚ ತಿರುವತೊಡಗಿದಳು. ತಿರುವುತ್ತಲೇ ಇದ್ದಳು. ಕೊನೆಗೆ ಯಾರ ಮುಖವನ್ನೂ ನೋಡದೆ ಎಡಗೈ ಚಾಚಿದಳು.

"ಇನ್ನೊಂದ್ಸಲ ಕೊಡಿ."